ಪುನೀತ ನಿಕೋಲಸ್ ಸ್ಟೆನೊ: ತಾಯಿಯ ಒಡಲಿನ ಅಂಡವನ್ನು ಗುರುತಿಸಿದ ಧರ್ಮಾಧ್ಯಕ್ಷ

ಗದಗ ನಗರದ ಬಳಿಯ ಬಿಂಕದಕಟ್ಟಿಯಲ್ಲಿ ಒಂದು ಚಿಕ್ಕ ಮೃಗಾಲಯವಿದೆ. ಕೆಲವು ವರ್ಷಗಳ ಹಿಂದೆ ಕ್ರೈಸ್ತೋಪದೇಶದ ಮಕ್ಕಳನ್ನು ಕರೆದುಕೊಂಡು ಉತ್ತರ ಕರ್ನಾಟಕದ ಪ್ರವಾಸಕ್ಕೆ ಹೋದಾಗ ಒಂದು ಮಧ್ಯಾಹ್ನವನ್ನು ನಾವು ಅಲ್ಲಿ ಕಳೆದೆವು. ಕಡಲ ಗಾಳಿಗೆ ಒಗ್ಗಿದ ನಮ್ಮ ಮಕ್ಕಳಿಗೆ ಆ ಒಣ ಬಿಸಿಲು ಹೊಸದು. ಆದರೂ ಹಕ್ಕಿಗಳನ್ನು ನೋಡಿ ಜಿಂಕೆಗಳ ಬೇಲಿಯ ಹತ್ತಿರ ಬರುವಾಗ ಅವರ ಉತ್ಸಾಹವೇನೂ ಇಳಿದಿರಲಿಲ್ಲ. ತಾಯಿಯ ಬದಿಗೆ ಅಂಟಿಕೊಂಡು ನಿಂತಿದ್ದ ಮರಿಯೊಂದನ್ನು ನೋಡುತ್ತಾ ಏಳನೇ ತರಗತಿಯ ಹುಡುಗಿಯೊಬ್ಬಳು ತನ್ನ ಟೀಚರಿಗೆ ಒಂದು ಪ್ರಶ್ನೆ ಹಾಕಿದಳು. ಹಕ್ಕಿ ಮೊಟ್ಟೆಯಿಡುತ್ತದೆ, ಜಿಂಕೆ ಮರಿ ಹಾಕುತ್ತದೆ. ಹಾಗಾದರೆ ಜಿಂಕೆಗೆ ಮೊಟ್ಟೆಯೇ ಇಲ್ಲವೇ ಎಂಬುದು ಅವಳ ಪ್ರಶ್ನೆ. ಟೀಚರ್ ನಕ್ಕು, ಫಾದರನ್ನು ಕೇಳು ಎಂದು ನಮ್ಮ ಕಡೆಗೆ ಕೈ ತೋರಿಸಿದರು.

ಜಿಂಕೆಗೂ ಮೊಟ್ಟೆಯಿದೆ, ಅದು ಹೊರಗೆ ಬರುವುದಿಲ್ಲ ಅಷ್ಟೆ. ನೀನೂ ನಿನ್ನ ಅಮ್ಮನ ಒಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಅಂಡವೊಂದರಿಂದಲೇ ಹುಟ್ಟಿದವಳು ಎಂದು ನಾವು ಹೇಳಿದಾಗ ಮಕ್ಕಳೆಲ್ಲಾ ಗೊಳ್ಳೆಂದು ನಕ್ಕರು. ಇದನ್ನು ಮೊದಲು ಕಂಡುಕೊಂಡವರಲ್ಲಿ ಒಬ್ಬರು ಮುಂದೆ ಧರ್ಮಾಧ್ಯಕ್ಷರಾದರು, ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿದೆ ಎಂದಾಗ ನಗು ನಿಂತಿತು. ಅಂದು ಬಸ್ಸಿನಲ್ಲಿ ಅರ್ಧ ಹೇಳಿ ಬಿಟ್ಟ ಆ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಹೇಳಲು ಬಯಸುತ್ತೇವೆ. ಪ್ರತಿ ವರ್ಷ ಡಿಸೆಂಬರ್ 5ರಂದು ಸ್ಮರಿಸಲಾಗುವ ಪುನೀತ ನಿಕೋಲಸ್ ಸ್ಟೆನೊ ಅವರ ಕಥೆಯಿದು.

ಆ ಹುಡುಗಿಯ ಪ್ರಶ್ನೆ ದಡ್ಡತನದ್ದಲ್ಲ. ಹದಿನೇಳನೇ ಶತಮಾನದವರೆಗೆ ಯುರೋಪಿನ ಮಹಾ ಪಂಡಿತರಿಗೂ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ರಕ್ತ ಪರಿಚಲನೆಯನ್ನು ಕಂಡುಹಿಡಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇದೇ ಉತ್ತರಕ್ಕಾಗಿ ರಾಜನ ಬೇಟೆಕಾಡಿನ ಜಿಂಕೆಗಳನ್ನೇ ಕೊಯ್ದು ಪರೀಕ್ಷಿಸಿದ್ದರು. ಎಲ್ಲಾ ಜೀವಿಗಳೂ ಒಂದು ಬಗೆಯ ಮೊಟ್ಟೆಯಿಂದಲೇ ಬರುತ್ತವೆ ಎಂದು ಅವರು 1651ರಲ್ಲಿ ತಮ್ಮ ಗ್ರಂಥದಲ್ಲಿ ವಾದಿಸಿದರೂ ಕೂಡಿದ ಜಿಂಕೆಗಳ ಗರ್ಭಕೋಶದಲ್ಲಿ ವಾರಗಟ್ಟಲೆ ಏನೂ ಕಾಣಲಿಲ್ಲ. ಹೆಣ್ಣು ಪ್ರಾಣಿಯ ಒಡಲಿನ ಎರಡು ಚಿಕ್ಕ ಗಂಟುಗಳು ಅವರ ಕೈಗೆ ಸಿಕ್ಕಿದ್ದವು. ಆದರೆ ಅವುಗಳಿಂದ ಏನೂ ಪ್ರಯೋಜನವಿಲ್ಲವೆಂದು ಅವರು ಬದಿಗಿಟ್ಟರು.

ಆ ಕಾಲದ ವೈದ್ಯರು ಆ ಗಂಟುಗಳನ್ನು ಹೆಣ್ಣಿನ ವೃಷಣ ಎಂದು ಕರೆಯುತ್ತಿದ್ದರು. ಗಂಡಿನ ಅಂಗದ ಸಪ್ಪೆ ನಕಲು ಎಂಬ ಅರ್ಥ ಆ ಹೆಸರಿನಲ್ಲಿತ್ತು. ಪ್ರಾಚೀನ ಗ್ರೀಸಿನ ಅರಿಸ್ಟಾಟಲನ ಪ್ರಕಾರ ಮಗುವಿಗೆ ರೂಪ ಕೊಡುವವನು ತಂದೆ, ತಾಯಿ ಕೊಡುವುದು ಬರೀ ಮಣ್ಣಿನಂಥ ಪದಾರ್ಥ. ಸೆಮಿನರಿಗಳಲ್ಲಿ ಓದಿಸುತ್ತಿದ್ದ ಶಾಸ್ತ್ರವೂ ಬಹುಕಾಲ ಇದನ್ನೇ ಒಪ್ಪಿಕೊಂಡಿತ್ತು. ನಮ್ಮ ನಾಡಿನಲ್ಲಿಯೂ ಗಂಡು ಬೀಜ, ಹೆಣ್ಣು ಹೊಲ ಎಂಬ ಮಾತು ಹಳೆಯದು. ಬೀಜ ಬಿತ್ತುವವನದ್ದೇ ಬೆಳೆ. ಬೆಳೆ ಬಾರದಿದ್ದರೆ ತಪ್ಪು ಮಾತ್ರ ಹೊಲದ್ದು!

ಅಕ್ಕಸಾಲಿಗನ ಮಗ

ನೀಲ್ಸ್ ಸ್ಟೆನ್ಸನ್, ಅಂದರೆ ಲೋಕಕ್ಕೆ ಪರಿಚಿತರಾದ ನಿಕೋಲಸ್ ಸ್ಟೆನೊ, 1638ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹುಟ್ಟಿದರು. ತಂದೆ ಅಕ್ಕಸಾಲಿಗರು, ಮನೆತನ ಲೂಥರನ್ ಪಂಥದ್ದು. ಮೂರನೆಯ ವಯಸ್ಸಿನಲ್ಲಿ ಕಾಯಿಲೆ ಬಿದ್ದ ಹುಡುಗ ಕೆಲವು ವರ್ಷಗಳ ಕಾಲ ಮನೆಯೊಳಗೇ ಉಳಿಯಬೇಕಾಯಿತು. ಓರಗೆಯ ಮಕ್ಕಳ ಆಟವಿಲ್ಲ. ದೊಡ್ಡವರ ಮಾತುಕತೆಯೇ ಅವರ ಶಾಲೆ. ಆರನೆಯ ವಯಸ್ಸಿನ ಹೊತ್ತಿಗೆ ತಂದೆಯೂ ತೀರಿಕೊಂಡರು. 1654 ಮತ್ತು 1655ರಲ್ಲಿ ಬಂದ ಪ್ಲೇಗ್ ಅವರ ಶಾಲೆಯ ಸುಮಾರು 240 ವಿದ್ಯಾರ್ಥಿಗಳನ್ನು ಕೊಂಡೊಯ್ದಿತು. ಹದಿನೇಳರ ಹರೆಯದಲ್ಲಿಯೇ ಸಾವಿನ ಜೊತೆ ಇಷ್ಟು ಪರಿಚಯವಾದವರು ಮುಂದೆ ಜೀವ ಹೇಗೆ ಆರಂಭವಾಗುತ್ತದೆ ಎಂದು ಹುಡುಕುತ್ತಾ ಹೋದದ್ದು ಯೋಚಿಸಬೇಕಾದ ಸಂಗತಿ.

1656ರಲ್ಲಿ ಅವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಲು ಸೇರಿದರು. ಅವರು ಓದುತ್ತಿದ್ದ ವರ್ಷಗಳಲ್ಲಿಯೇ ಸ್ವೀಡನ್ನಿನ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. ಪಾಠಗಳು ಸರಿಯಾಗಿ ನಡೆಯದಿದ್ದಾಗ ಸಿಕ್ಕಿದ ಪುಸ್ತಕಗಳನ್ನೆಲ್ಲಾ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಅವರಿಗೆ ಗೊತ್ತಿರಲಾರದು. ಆದರೆ ಬದುಕಿನುದ್ದಕ್ಕೂ ಅವರು ನಡೆದುಕೊಂಡದ್ದು ಹಾಗೆಯೇ.

ಕುರಿಯ ತಲೆ, ಕೋಳಿಯ ಮೊಟ್ಟೆ

1660ರಲ್ಲಿ ಅವರು ಹಾಲೆಂಡಿನ ಆಮ್‌ಸ್ಟರ್‌ಡಾಮಿಗೆ ಹೋದರು. ಅಲ್ಲಿ ಒಂದು ದಿನ ಪೇಟೆಯಿಂದ ತಂದ ಕುರಿಯ ತಲೆಯನ್ನು ಕೊಯ್ಯುವಾಗ ಕಿವಿಯ ಕೆಳಗಿನ ಗ್ರಂಥಿಯಿಂದ ಬಾಯಿಯೊಳಗೆ ಜೊಲ್ಲು ತರುವ ನಾಳವೊಂದು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಯಾವ ಪುಸ್ತಕದಲ್ಲಿಯೂ ಅದರ ಉಲ್ಲೇಖವಿರಲಿಲ್ಲ. ಅವರಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಗುರುಗಳೇ ಅದು ತಮ್ಮ ಶೋಧನೆಯೆಂದು ಹೇಳಿಕೊಂಡು ಶಿಷ್ಯನನ್ನು ಸುಳ್ಳುಗಾರನೆಂದು ದೂರಿದರು. ಇಪ್ಪತ್ತೆರಡರ ತರುಣ ಬೈಗುಳಕ್ಕೆ ಬೈಗುಳ ಕೊಡದೆ, ನಾಳವನ್ನು ಇನ್ನಷ್ಟು ಸ್ಪಷ್ಟವಾಗಿ ವಿವರಿಸಿ ತೋರಿಸಿದರು. ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ಸ್ಟೆನೊ ಅವರ ನಾಳವೆಂದೇ ಓದುತ್ತಾರೆ.

ಅಲ್ಲಿಂದ ಲೈಡನ್ ವಿಶ್ವವಿದ್ಯಾಲಯಕ್ಕೆ ಬಂದಾಗ ಯಾನ್ ಸ್ವಾಮರ್‌ಡಾಮ್, ರೆನ್ಯೇ ಡಿ ಗ್ರಾಫ್ ಎಂಬ ಗೆಳೆಯರು ಸಿಕ್ಕಿದರು. ಇಬ್ಬರ ಹೆಸರೂ ಈ ಕಥೆಯಲ್ಲಿ ಮುಂದೆ ಬರುತ್ತದೆ. ಆ ವರ್ಷಗಳಲ್ಲಿ ಸ್ಟೆನೊ ಅವರು ಹೃದಯವನ್ನು ಬೇಯಿಸಿ, ಪದರ ಪದರವಾಗಿ ಬಿಡಿಸಿ, ಅದು ಒಂದು ಸ್ನಾಯು ಎಂದು ತೋರಿಸಿದರು. ಹೃದಯವೇ ಪ್ರಾಣದ ಬಿಸಿಯ ಒಲೆ, ಆತ್ಮದ ಸಿಂಹಾಸನ ಎಂದು ನಂಬಿದ್ದ ಲೋಕಕ್ಕೆ ಇದು ದೊಡ್ಡ ಪೆಟ್ಟು. ದೇವರು ಕೊಟ್ಟ ಕಣ್ಣು ಒಂದನ್ನು ತೋರಿಸುವಾಗ ಹಳೆಯ ಪುಸ್ತಕದ ಮಾತಿಗೆ ಜೋತುಬೀಳುವುದು ಭಕ್ತಿಯಲ್ಲ ಎಂಬುದು ಅವರ ನಿಲುವಾಗಿತ್ತು.

ಅವರ ಗಮನ ಕೋಳಿಮೊಟ್ಟೆಯ ಕಡೆಗೂ ಹರಿಯಿತು. ನಮ್ಮ ಮನೆಗಳಲ್ಲಿ ಕಾವಿಗೆ ಕೂರಿಸಿದ ಕೋಳಿ 21ನೆಯ ದಿನ ಮರಿ ಎಬ್ಬಿಸುವುದನ್ನು ಎಲ್ಲರೂ ಬಲ್ಲರು. ಫಲಿತ ಮೊಟ್ಟೆಯ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆಯಿರುತ್ತದೆ. ಮರಿಯಾಗುವುದು ಆ ಚುಕ್ಕೆ. ಹಳದಿ ಅದರ ಬುತ್ತಿ. ಕಾವು ಸಿಕ್ಕಿದ ಎರಡನೆಯ ದಿನ ಕಳೆಯುವಷ್ಟರಲ್ಲಿ ಚುಕ್ಕೆಯಲ್ಲಿ ಹೃದಯ ಬಡಿಯತೊಡಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ರಕ್ತನಾಳಗಳು ಹಳದಿಯ ಮೇಲೆ ಜೇಡರ ಬಲೆಯಂತೆ ಹರಡುತ್ತವೆ. ಆ ಬುತ್ತಿ ಮರಿಯ ಹೊಟ್ಟೆಗೆ ಸೇರುವ ದಾರಿ ಯಾವುದು? ಹಳದಿಯ ಚೀಲದಿಂದ ಮರಿಯ ಕರುಳಿಗೆ ಒಂದು ನಾಳವಿದೆಯೆಂದು ಸ್ಟೆನೊ 1664ರಲ್ಲಿ ವಿವರಿಸಿದರು. ಮರಿ ಚಿಪ್ಪು ಒಡೆಯುವುದಕ್ಕೆ ಸ್ವಲ್ಪ ಮೊದಲು ಉಳಿದ ಹಳದಿ ಇಡಿಯಾಗಿ ಅದರ ಹೊಟ್ಟೆಯೊಳಗೆ ಎಳೆದುಕೊಳ್ಳಲ್ಪಡುತ್ತದೆ. ಹೊರಗೆ ಬಂದ ಮರಿ ಒಂದೆರಡು ದಿನ ಏನೂ ತಿನ್ನದೆ ಬದುಕಬಲ್ಲುದು ಇದೇ ಕಾರಣಕ್ಕೆ.

ತಾಟೆಯ ಒಡಲಿನಲ್ಲಿ

1666ರಲ್ಲಿ ಅವರು ಇಟಲಿಯ ಟಸ್ಕನಿ ಪ್ರಾಂತಕ್ಕೆ ಬಂದರು. ಅಲ್ಲಿನ ಮಹಾಪ್ರಭು ಎರಡನೇ ಫರ್ಡಿನಾಂಡೊ ವಿಜ್ಞಾನ ಪ್ರೇಮಿ. ಫ್ಲಾರೆನ್ಸ್ ನಗರದ ಆಸ್ಪತ್ರೆಯಲ್ಲಿ ಸ್ಟೆನೊ ಅವರಿಗೆ ಕೆಲಸ ಸಿಕ್ಕಿತು. ಅದೇ ಅಕ್ಟೋಬರಿನಲ್ಲಿ ಲಿವೊರ್ನೊ ಬಂದರಿನ ಹತ್ತಿರ ಮೀನುಗಾರರಿಗೆ ಭಾರೀ ಶಾರ್ಕ್ ಒಂದು ಸಿಕ್ಕಿತು. ತುಳುವಿನಲ್ಲಿ ನಾವು ತಾಟೆ, ಕೊಂಕಣಿಯಲ್ಲಿ ಮೊರಿ ಎನ್ನುವ ಜಾತಿಯ ಮೀನಿನ ಬಹುದೊಡ್ಡ ಬಂಧು ಅದು. ಮಹಾಪ್ರಭುಗಳು ಅದರ ತಲೆಯನ್ನು ತರಿಸಿ ಸ್ಟೆನೊ ಅವರಿಗೆ ಒಪ್ಪಿಸಿದರು.

ಆ ಹಲ್ಲುಗಳನ್ನು ನೋಡಿದಾಗ ಬೆಟ್ಟದ ಬಂಡೆಗಳಲ್ಲಿ ಸಿಗುತ್ತಿದ್ದ, ಕಲ್ಲಿನ ನಾಲಗೆ ಎಂದು ಜನ ಕರೆಯುತ್ತಿದ್ದ ವಸ್ತುಗಳು ಪುರಾತನ ಶಾರ್ಕುಗಳ ಹಲ್ಲುಗಳೇ ಎಂಬುದು ಅವರಿಗೆ ಸ್ಪಷ್ಟವಾಯಿತು. ಬೆಟ್ಟ ಒಂದು ಕಾಲದಲ್ಲಿ ಕಡಲ ತಳವಾಗಿತ್ತು ಎಂಬ ಈ ಎಳೆಯನ್ನು ಹಿಡಿದು ಅವರು 1669ರಲ್ಲಿ ಬರೆದ ಚಿಕ್ಕ ಗ್ರಂಥ ಭೂವಿಜ್ಞಾನಕ್ಕೆ ಅಡಿಪಾಯವಾಯಿತು. ಲೋಕ ಅವರನ್ನು ಹೆಚ್ಚಾಗಿ ನೆನೆಯುವುದು ಇದಕ್ಕೇ. ಆದರೆ ನಮ್ಮ ಇಂದಿನ ಕಥೆ ಇನ್ನೊಂದು ಮೀನಿನದು.

1667ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಆ ದೊಡ್ಡ ತಲೆಯ ಜೊತೆಗೆ ಮರಿ ಹಾಕುವ ಜಾತಿಯ ಚಿಕ್ಕ ಶಾರ್ಕ್ ಒಂದನ್ನು ಕೊಯ್ದು ನೋಡಿದ ವಿವರವೂ ಇದೆ. ಮಂಗಳೂರಿನ ಧಕ್ಕೆಯಲ್ಲೋ ಮಲ್ಪೆಯ ಬಂದರಿನಲ್ಲೋ ತಾಟೆಯ ಹೊಟ್ಟೆ ಸೀಳುವವರಿಗೆ ಆ ನೋಟ ಹೊಸದಲ್ಲ. ಬಂಗುಡೆ, ಬೂತಾಯಿಗಳು ಸಾವಿರಾರು ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೋಗುತ್ತವೆ. ಶಾರ್ಕುಗಳ ರೀತಿ ಬೇರೆ. ಕೆಲವು ಜಾತಿಗಳು ಗಟ್ಟಿ ಚೀಲದ ಮೊಟ್ಟೆ ಇಡುತ್ತವೆ. ಕೆಲವು ಮೊಟ್ಟೆಯನ್ನು ಒಡಲಿನಲ್ಲೇ ಇಟ್ಟುಕೊಂಡು ಮರಿ ಮಾಡುತ್ತವೆ. ಇನ್ನು ಕೆಲವು ಮನುಷ್ಯರಂತೆಯೇ ಹೊಕ್ಕುಳಬಳ್ಳಿಯ ಮೂಲಕ ಮರಿಗೆ ಆಹಾರ ಕೊಡುತ್ತವೆ. ನಮ್ಮ ಪಡುಗಡಲಿನಲ್ಲಿ ಬಲೆಗೆ ಬೀಳುವ, ಚೂಪು ಮೂತಿಯ ಸಣ್ಣ ಶಾರ್ಕ್ ಒಂದು ಈ ಮೂರನೆಯ ಬಗೆಯದು. ಅದರ ಅಂಡ ಸಾಸಿವೆ ಕಾಳಿಗಿಂತ ದೊಡ್ಡದಲ್ಲ.

ಸ್ಟೆನೊ ಅವರ ಕೈಯಲ್ಲಿದ್ದದ್ದು ಮರಿ ಹಾಕುವ ಮೀನು. ಆದರೂ ಅದರ ಒಡಲಿನ ಗಂಟುಗಳಲ್ಲಿ ಸ್ಪಷ್ಟವಾಗಿ ಅಂಡಗಳಿದ್ದವು. ಅಂಡ ಇಳಿಯುವ ನಾಳವಿತ್ತು, ಅದರ ಕೊನೆಯಲ್ಲಿ ಮರಿ ಬೆಳೆಯುವ ಜಾಗವಿತ್ತು. ಇದೇ ವಿನ್ಯಾಸವನ್ನು ಅವರು ಹಸು, ಕುರಿ ಮತ್ತು ಸ್ತ್ರೀಯರ ದೇಹದಲ್ಲಿಯೂ ನೋಡಿದ್ದರು. ಅದೇ ಗಂಟು, ಅದೇ ನಾಳ, ಅದೇ ಗರ್ಭಕೋಶ. ಹಾಗಿದ್ದರೆ ಸ್ತ್ರೀಯ ಗಂಟುಗಳು ಗಂಡಿನ ಅಂಗದ ನಕಲಲ್ಲ. ಅವು ಅಂಡಾಶಯಗಳು, ಅವುಗಳಲ್ಲಿ ಅಂಡಗಳಿವೆ ಎಂದು ಅವರು ಬರೆದರು. ಹೇಗೋ ಏನೋ, ಅಂಡವೇ ಹೊರಗೆ ಬರುತ್ತದೋ ಅದರೊಳಗಿನ ಪದಾರ್ಥ ಮಾತ್ರ ಬರುತ್ತದೋ ಎಂಬುದರಲ್ಲಿ ಅವರಿಗೆ ಹಟವಿರಲಿಲ್ಲ. ಕಂಡದ್ದನ್ನು ಕಂಡಷ್ಟೇ ಹೇಳಿದರು. ಮುಂದೆ ಹಲವು ಪ್ರಾಣಿಗಳನ್ನು ಪರೀಕ್ಷಿಸಿ ಬರೆದ ವಿವರಗಳು 1675ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪ್ರಕಟವಾದವು.

ಒಂದು ಹೆಸರು ಬದಲಾಯಿತು, ಅಷ್ಟೆ ಎಂದು ಕೆಲವರಿಗೆ ತೋರಬಹುದು. ಆದರೆ ಆ ಹೆಸರಿನ ಜೊತೆಗೆ ತಾಯಿಯ ಸ್ಥಾನವೂ ಬದಲಾಯಿತು. ಅವಳು ಬರೀ ಹೊಲವಲ್ಲ. ಬೀಜದ ಅರ್ಧ ಅವಳದ್ದೇ.

ಉಳಿದವರು ಮುಂದುವರಿಸಿದ್ದು

ಇದರ ನಂತರದ ಕಥೆಯಲ್ಲಿ ಇನ್ನೂ ಹಲವರ ದುಡಿಮೆಯಿದೆ. ಕಥೋಲಿಕ ವಿಶ್ವಾಸಿಯೇ ಆಗಿದ್ದ ಡಿ ಗ್ರಾಫ್ 1672ರಲ್ಲಿ ಅಂಡಾಶಯದ ಗುಳ್ಳೆಗಳನ್ನು ವಿವರವಾಗಿ ಚಿತ್ರಿಸಿದರು. ಕೀರ್ತಿ ಯಾರಿಗೆ ಸಲ್ಲಬೇಕು ಎಂದು ಅವರಿಗೂ ಸ್ವಾಮರ್‌ಡಾಮರಿಗೂ ಕಹಿ ಜಗಳವಾಯಿತು. ಸ್ಟೆನೊ ಆ ಜಗಳಕ್ಕೆ ಇಳಿಯಲಿಲ್ಲ. 1677ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾವೇ ಉಜ್ಜಿ ಮಾಡಿದ ಮಸೂರದಲ್ಲಿ ವೀರ್ಯಾಣುಗಳನ್ನು ಕಂಡರು. ಹದಿನೆಂಟನೇ ಶತಮಾನದಲ್ಲಿ ಇಟಲಿಯ ಯಾಜಕ ಲಾಜ್ಜರೊ ಸ್ಪಲ್ಲಾಂಜಾನಿ ಗಂಡು ಕಪ್ಪೆಗಳಿಗೆ ಬಿಗಿಯಾದ ಚಡ್ಡಿ ತೊಡಿಸಿ ಪರೀಕ್ಷೆ ಮಾಡಿದರು. ನಗು ಬರುವ ಪ್ರಯೋಗವೇ ಸರಿ. ಆದರೆ ಗಂಡಿನ ವೀರ್ಯ ತಾಗದ ಮೊಟ್ಟೆ ಗೊದಮೊಟ್ಟೆಯಾಗುವುದಿಲ್ಲ ಎಂಬುದು ಅದರಿಂದ ಖಚಿತವಾಯಿತು. ಸಸ್ತನಿ ಪ್ರಾಣಿಯ ನಿಜವಾದ ಅಂಡವನ್ನು ಕಣ್ಣಾರೆ ಕಂಡದ್ದು 1827ರಲ್ಲಿ, ಒಂದು ನಾಯಿಯಲ್ಲಿ, ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ. ಸ್ಟೆನೊ ತಮ್ಮ ಮಾತು ಹೇಳಿ 160 ವರ್ಷಗಳಾಗಿದ್ದವು. ವೀರ್ಯಾಣುವಿನ ಮತ್ತು ಅಂಡಾಣುವಿನ ಕೇಂದ್ರಗಳು ಒಂದಾಗುವುದನ್ನು 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಕಡಲಿನ ಮುಳ್ಳುಚೆಂಡಿನಂಥ ಜೀವಿಯೊಂದರಲ್ಲಿ ತೋರಿಸಿದರು.

ಈ ಸಾಲಿನಲ್ಲಿ ನಮ್ಮ ಕರ್ನಾಟಕವೂ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1927ರಲ್ಲಿ ನಮ್ಮ ಕಾಡುಪಾಪದ ಅಂಡಾಶಯ ಮತ್ತು ಅಂಡದ ರಚನೆಯ ಬಗ್ಗೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದರು. ಪಶ್ಚಿಮ ಘಟ್ಟದ ಕಪ್ಪೆಗಳನ್ನೂ ಗೊದಮೊಟ್ಟೆಗಳನ್ನೂ ಅಭ್ಯಾಸ ಮಾಡಿದ ಅವರು 1932ರಲ್ಲಿ ಆರಂಭವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಅವರು 1960ರಲ್ಲಿ ತೀರಿಕೊಂಡರು. 2010ರಲ್ಲಿ ಒಂದು ಕಪ್ಪೆ ಕುಲಕ್ಕೆ ಅವರ ಹೆಸರನ್ನೇ ಇಟ್ಟು ರಾವೋರ್ಕೆಸ್ಟಿಸ್ ಎಂದು ಕರೆಯಲಾಯಿತು. ಘಟ್ಟದ ಈ ಪುಟ್ಟ ಕಪ್ಪೆಗಳು ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವನ್ನೇ ಬಿಟ್ಟು ಮೊಟ್ಟೆಯೊಳಗಿಂದ ನೇರವಾಗಿ ಕಪ್ಪೆಮರಿಗಳಾಗಿ ಹೊರಬರುತ್ತವೆ. ಸೃಷ್ಟಿಕರ್ತರು ಒಂದೇ ಕೆಲಸವನ್ನು ಎಷ್ಟು ಬಗೆಯಲ್ಲಿ ಮಾಡಿಸುತ್ತಾರೆ ನೋಡಿ!

ಇಂದು ನಮಗೆ ತಿಳಿದಿರುವುದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಮನುಷ್ಯರ ಅಂಡಾಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರಲ್ಲಿ ತಾಯಿಯ 23 ವರ್ಣತಂತುಗಳಿರುತ್ತವೆ, ವೀರ್ಯಾಣುವಿನಲ್ಲಿ ತಂದೆಯ 23. ಎರಡೂ ಸೇರಿ 46 ಆದಾಗ ಹೊಸದೊಂದು ಕೋಶವಾಗುತ್ತದೆ. ಸುಮಾರು ಒಂದು ದಿನದ ನಂತರ ಅದು ಎರಡಾಗುತ್ತದೆ, ಮತ್ತೆ ನಾಲ್ಕು, ಎಂಟು. ಐದನೆಯ ದಿನದ ಹೊತ್ತಿಗೆ ನೀರು ತುಂಬಿದ ಪುಟ್ಟ ಚೆಂಡಿನಂತಾಗಿ ಆಮೇಲೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಕೋಶಗಳು ಪದರಗಳಾಗುತ್ತವೆ. ಒಂದು ಪದರದಿಂದ ಚರ್ಮ ಮತ್ತು ನರ, ಇನ್ನೊಂದರಿಂದ ಎಲುಬು, ಸ್ನಾಯು, ರಕ್ತ, ಮತ್ತೊಂದರಿಂದ ಕರುಳು, ಶ್ವಾಸಕೋಶ. ಮೂರು ವಾರ ಕಳೆಯುತ್ತಲೇ ಹೃದಯ ಬಡಿಯತೊಡಗುತ್ತದೆ. ಎಂಟು ವಾರಗಳಲ್ಲಿ ಮುಖ್ಯ ಅಂಗಗಳಿಗೆಲ್ಲಾ ಬುನಾದಿ ಬಿದ್ದಿರುತ್ತದೆ. ಜಿಂಕೆಯಲ್ಲಿ, ಕೋಳಿಯಲ್ಲಿ, ತಾಟೆಯಲ್ಲಿ ಲೆಕ್ಕ ಬೇರೆಯಾದರೂ ದಾರಿ ಹೆಚ್ಚುಕಡಿಮೆ ಇದೇ.

ಇನ್ನೊಂದು ವಿಷಯ. ಹೆಣ್ಣುಮಗುವಿನ ಅಂಡಾಣುಗಳು ಅದು ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಅಂದರೆ ನಮ್ಮನ್ನು ರೂಪಿಸಿದ ಅಂಡಾಣುವಿನ ಆರಂಭವಾದದ್ದು ನಮ್ಮ ತಾಯಿ ಇನ್ನೂ ಅಜ್ಜಿಯ ಗರ್ಭದಲ್ಲಿದ್ದಾಗ. ಅಜ್ಜಿಯಂದಿರ ಮೇಲಿನ ಗೌರವ ಹೆಚ್ಚಲು ಇಷ್ಟು ಸಾಲದೇ?

ಲಿವೊರ್ನೊದ ಮೆರವಣಿಗೆ

ಶಾರ್ಕಿನ ತಲೆ ಸಿಗುವುದಕ್ಕೆ ಕೆಲವು ತಿಂಗಳ ಮೊದಲು, 1666ರ ಜೂನ್‌ನಲ್ಲಿ, ಸ್ಟೆನೊ ಅದೇ ಲಿವೊರ್ನೊ ನಗರದಲ್ಲಿ ಪ್ರಭುವಿನ ಪವಿತ್ರ ಶರೀರದ ಹಬ್ಬದ ಮೆರವಣಿಗೆಯನ್ನು ಕಂಡಿದ್ದರು. ದಾರಿಯುದ್ದಕ್ಕೂ ಹೂವು, ಮೊಣಕಾಲೂರಿದ ಜನ. ಲೂಥರನ್ ಪಂಥದವರಾದ ಅವರಿಗೆ ಇದು ಅಪರಿಚಿತ ನೋಟ. ಇಷ್ಟು ಜನ ಬರೀ ರೊಟ್ಟಿಯ ತುಣುಕಿಗೆ ಅಡ್ಡಬೀಳುವ ಮೂರ್ಖರಾಗಿರಬೇಕು, ಇಲ್ಲವೇ ಅಲ್ಲಿರುವುದು ನಿಜವಾಗಿಯೂ ಕ್ರಿಸ್ತರ ಶರೀರವಾಗಿರಬೇಕು. ನಡುವೆ ಮೂರನೆಯ ದಾರಿ ಅವರಿಗೆ ಕಾಣಲಿಲ್ಲ. ಶಾರ್ಕನ್ನು ಪರೀಕ್ಷಿಸಿದ ಶ್ರದ್ಧೆಯಿಂದಲೇ ಅವರು ಈ ಪ್ರಶ್ನೆಯನ್ನೂ ಹಿಂಬಾಲಿಸಿದರು. ಹಳೆಯ ಹಸ್ತಪ್ರತಿಗಳನ್ನು ಓದಿದರು, ವಿದ್ವಾಂಸರೊಡನೆ ಚರ್ಚಿಸಿದರು. ಆದರೆ ಮನಸ್ಸನ್ನು ತಟ್ಟಿದವರಲ್ಲಿ ಇಬ್ಬರು ಸ್ತ್ರೀಯರನ್ನು ಮರೆಯುವಂತಿಲ್ಲ. ಒಬ್ಬರು ಆಸ್ಪತ್ರೆಗೆ ಬೇಕಾದ ಔಷಧಿ ಪಡೆಯಲು ಹೋಗುತ್ತಿದ್ದ ಕಾನ್ವೆಂಟಿನ ಧರ್ಮಭಗಿನಿ ಮರಿಯ ಫ್ಲಾವಿಯಾ, ಇನ್ನೊಬ್ಬರು ಲವೀನಿಯಾ ಆರ್ನೊಲ್ಫಿನಿ ಎಂಬ ಗೃಹಿಣಿ. 1667ರ ನವೆಂಬರಿನಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಸ್ತ್ರೀಯರ ಅಂಡಾಶಯದ ಬಗ್ಗೆ ಅವರು ಬರೆದ ಪುಸ್ತಕ ಹೊರಬಂದದ್ದೂ ಅದೇ ವರ್ಷ.

1672ರಲ್ಲಿ ಡೆನ್ಮಾರ್ಕಿನ ರಾಜನ ಕರೆಗೆ ಓಗೊಟ್ಟು ತಾಯ್ನಾಡಿಗೆ ಹೋದರು. ಕಥೋಲಿಕರಾದುದರಿಂದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ರಾಜನ ಅಂಗರಚನಾ ತಜ್ಞನೆಂಬ ಬಿರುದು ಸಿಕ್ಕಿತು. ಎರಡು ವರ್ಷಗಳಲ್ಲಿ ಅವರು ಫ್ಲಾರೆನ್ಸಿಗೆ ಮರಳಿ 1675ರ ಪಾಸ್ಖ ಕಾಲದಲ್ಲಿ ಗುರುದೀಕ್ಷೆ ಪಡೆದರು.

ಉಂಗುರ ಮಾರಿದ ಧರ್ಮಾಧ್ಯಕ್ಷ

ಕೇವಲ ಎರಡು ವರ್ಷಗಳ ನಂತರ ಜಗದ್ಗುರು ಹನ್ನೊಂದನೇ ಇನ್ನೊಸೆಂಟ್ ಅವರನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿ ಉತ್ತರ ಯುರೋಪಿನ ಚದುರಿದ ಕಥೋಲಿಕರ ಪಾಲನೆಗೆ ಕಳುಹಿಸಿದರು. 1677ರ ಸೆಪ್ಟೆಂಬರಿನಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆ ನೀಡಿದವರು ಕಾರ್ಡಿನಲ್ ಗ್ರೆಗೋರಿಯೊ ಬಾರ್ಬರಿಗೊ. ಅವರನ್ನು ಈಗ ಸಂತರೆಂದು ಗೌರವಿಸುತ್ತೇವೆ. ಸ್ಟೆನೊ ಹ್ಯಾನೋವರಿಗೆ ಹೋದರು. ಅಲ್ಲಿನ ರಾಜಸಭೆಯಲ್ಲಿದ್ದ ತತ್ತ್ವಜ್ಞಾನಿ ಲೈಬ್‌ನಿಜ್, ಇಷ್ಟು ದೊಡ್ಡ ವಿಜ್ಞಾನಿ ಸಂಶೋಧನೆಯನ್ನು ಬಿಟ್ಟರಲ್ಲಾ ಎಂದು ಕೊರಗಿದ್ದುಂಟು. ಈ ಕೊರಗು ಸುಳ್ಳಲ್ಲ. ಅಂಡದ ಕುರಿತು ಅವರು ಆರಂಭಿಸಿದ ಕೆಲಸ ಅರ್ಧಕ್ಕೆ ನಿಂತಿತು. ಅವರ ಕೈಚಳಕದಿಂದ ಇನ್ನೂ ಏನೆಲ್ಲಾ ಹೊರಬರಬಹುದಿತ್ತೋ ಬಲ್ಲವರಾರು? ಆದರೆ ಅವರು ಸತ್ಯದ ಹುಡುಕಾಟವನ್ನು ಬಿಟ್ಟವರಲ್ಲ. ಯಾರ ಸೇವೆಗೆ ತನ್ನ ದಿನಗಳನ್ನು ಕೊಡಬೇಕು ಎಂಬುದನ್ನು ಮಾತ್ರ ಬದಲಾಯಿಸಿಕೊಂಡರು.

1680ರಿಂದ ಮುನ್‌ಸ್ಟರಿನಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿ ಹಳ್ಳಿ ಹಳ್ಳಿಗೆ ಹೋದರು. ಬಡವರಿಗಾಗಿ ತಮ್ಮ ಉಂಗುರವನ್ನೂ ಬೆಳ್ಳಿಯ ಶಿಲುಬೆಯನ್ನೂ ಮಾರಿದರು. ಹಳೆಯ ಬಟ್ಟೆ, ಅರೆಹೊಟ್ಟೆ ಊಟ ಅವರ ನಿತ್ಯದ ರೂಢಿಯಾಯಿತು. 1683ರಲ್ಲಿ ಅಲ್ಲಿ ಹೊಸ ಧರ್ಮಾಧ್ಯಕ್ಷರ ಆಯ್ಕೆಯ ಹೊತ್ತಿಗೆ ಹಣ ಕೈಬದಲಾಯಿಸಿದಾಗ ಅವರು ಅದನ್ನು ಬಹಿರಂಗವಾಗಿ ವಿರೋಧಿಸಿ ಊರು ಬಿಟ್ಟರು. ಸುಮ್ಮನಿದ್ದಿದ್ದರೆ ಸುಖವಾಗಿರಬಹುದಿತ್ತು. ಕುರಿಯ ತಲೆಯಲ್ಲಿ ಇಲ್ಲದ್ದನ್ನು ಇದೆ ಎನ್ನದವರು ಧರ್ಮಸಭೆಯಲ್ಲಿ ಇರಬಾರದ್ದನ್ನು ಇಲ್ಲ ಎನ್ನುವುದು ಹೇಗೆ?

ಹ್ಯಾಂಬರ್ಗಿನಲ್ಲಿ ಎರಡು ವರ್ಷ, ಆಮೇಲೆ ಶ್ವೆರಿನ್ ಎಂಬ ಸಣ್ಣ ಊರಿನಲ್ಲಿ ಬೆರಳೆಣಿಕೆಯ ಕಥೋಲಿಕರ ನಡುವೆ ಸಾಮಾನ್ಯ ಯಾಜಕನಂತೆ ಬದುಕಿದರು. ಹೊಟ್ಟೆಯೊಳಗಿನ ಕಲ್ಲಿನ ವಿಪರೀತ ನೋವಿನಿಂದ 1686ರ ಡಿಸೆಂಬರ್ 5ರಂದು ತೀರಿಕೊಂಡಾಗ ಅವರಿಗೆ 48 ವರ್ಷ. ಸಂಸ್ಕಾರ ನೀಡಲು ಹತ್ತಿರದಲ್ಲಿ ಒಬ್ಬ ಕಥೋಲಿಕ ಯಾಜಕರೂ ಇರಲಿಲ್ಲ. ಮುಂದೆ ಟಸ್ಕನಿಯ ಮಹಾಪ್ರಭು ಮೂರನೇ ಕೊಸಿಮೊ ಅವರ ಶರೀರವನ್ನು ಫ್ಲಾರೆನ್ಸಿಗೆ ತರಿಸಿದರು. ಸಂತ ಲಾರೆನ್ಸರ ಮಹಾದೇವಾಲಯದಲ್ಲಿ ಅವರ ಸಮಾಧಿಯಿದೆ. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೇ ಜಾನ್ ಪೌಲ್ ಅವರನ್ನು ಪುನೀತರೆಂದು ಘೋಷಿಸಿದರು. ಮಾನವ ಜೀವವನ್ನು ಅದರ ಆರಂಭದಲ್ಲಿಯೇ ಗೌರವಿಸಬೇಕು ಎಂದು ಬೋಧಿಸುವ ದೋನುಮ್ ವಿತೆ ಎಂಬ ಪತ್ರವನ್ನು ರೋಮ್ ಪ್ರಕಟಿಸಿದ್ದು ಅದಕ್ಕೆ ಒಂದು ವರ್ಷ ಮೊದಲು, 1987ರಲ್ಲಿ.

ನಮಗೆ ಇದರಿಂದ ಏನು?

ಪ್ರಿಯ ವಾಚಕರೇ, ಮೂರೂವರೆ ಶತಮಾನದ ಹಿಂದಿನ ಮೀನಿನ ಕಥೆ ನಮ್ಮ ಧರ್ಮಕೇಂದ್ರಗಳಿಗೆ ಯಾಕೆ ಎಂದು ಕೇಳಬಹುದು. ಮನೆ ಭೇಟಿಗೆ ಹೋಗುವ ಗುರುಗಳನ್ನೂ ಧರ್ಮಭಗಿನಿಯರನ್ನೂ ಕೇಳಿ ನೋಡಿ. ಮದುವೆಯಾಗಿ ಐದು ವರ್ಷವಾದರೂ ಮಗುವಿಲ್ಲದ ಮನೆಯಲ್ಲಿ ಹರಕೆ ಹೊರುವವಳು, ನೊವೆನಾಕ್ಕೆ ಬರುವವಳು, ಔಷಧಿ ಕುಡಿಯುವವಳು ಸೊಸೆ ಒಬ್ಬಳೇ. ಗಂಡನಿಗೂ ಒಂದು ಪರೀಕ್ಷೆ ಮಾಡಿಸಿ ಎಂದರೆ ಮನೆಯಲ್ಲಿ ಮೌನ. ಮೂರನೆಯದೂ ಹೆಣ್ಣಾಯಿತೆಂದು ಅತ್ತೆ ಆಸ್ಪತ್ರೆಗೆ ಬಾರದ, ತೊಟ್ಟಿಲಿನ ಬಳಿ ನಗದ ಮನೆಗಳನ್ನು ನಾವು ನೋಡಿದ್ದೇವೆ. ಅಂಥ ಒಂದು ಮನೆಯಲ್ಲಿ ಜ್ಞಾನಸ್ನಾನದ ದಿನ ಕೇಳಲು ಬಂದ ತಾಯಿ ಮಗುವಿನ ಹೆಸರು ಹೇಳುವ ಮೊದಲು ಕ್ಷಮೆ ಕೇಳಿದಳು. ಯಾವ ತಪ್ಪಿಗೆ?

ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವ ವರ್ಣತಂತು ಬರುವುದು ತಂದೆಯ ವೀರ್ಯಾಣುವಿನಿಂದ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆ ಎಕ್ಸ್ ಕೊಟ್ಟರೆ ಹೆಣ್ಣು, ವೈ ಕೊಟ್ಟರೆ ಗಂಡು. ತಂದೆಯೂ ಅದನ್ನು ಬಯಸಿ ಕೊಡುವುದಲ್ಲ, ಆದ್ದರಿಂದ ಅವನನ್ನು ದೂರುವಂತೆಯೂ ಇಲ್ಲ. ಮಗುವಾಗದಿರುವುದಕ್ಕೂ ಕಾರಣ ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಇದನ್ನು ಒಂಬತ್ತನೇ ತರಗತಿಯ ಮಗುವಿಗೂ ಶಾಲೆಯಲ್ಲಿ ಹೇಳಿಕೊಡಬಹುದು. ಆದರೂ ಮನೆಯ ಜಗಲಿಯಲ್ಲಿ ಇಂದಿಗೂ ನಡೆಯುವುದು ಹೊಲ ಮತ್ತು ಬೀಜದ ಹಳೆಯ ನ್ಯಾಯವೇ. ಪುನೀತ ಸ್ಟೆನೊ ಅವರು 1667ರಲ್ಲಿಯೇ ಬಿಟ್ಟ ಮಾತನ್ನು ನಾವು ಇನ್ನೂ ಹಿಡಿದುಕೊಂಡಿದ್ದೇವೆ. ಬಂಜೆ ಎಂಬ ಪದ ನಮ್ಮ ಯಾವ ಮನೆಯಲ್ಲಿಯೂ, ಇಗರ್ಜಿಯ ಯಾವ ಅಂಗಳದಲ್ಲಿಯೂ ಕೇಳಿಸಬಾರದು.

ಮದುವೆ ಸಿದ್ಧತಾ ಶಿಬಿರ ನಡೆಸುವವರು, ಕ್ರೈಸ್ತೋಪದೇಶದ ಟೀಚರುಗಳು, ಕಿರು ಕ್ರೈಸ್ತ ಸಮುದಾಯದ ಮುಂದಾಳುಗಳು ಈ ಕಥೆಯನ್ನು ಬಳಸಿಕೊಳ್ಳಬೇಕೆಂದು ನಮ್ಮ ವಿನಂತಿ. ವಿಜ್ಞಾನ ಕಲಿತರೆ ವಿಶ್ವಾಸ ಹೋಗುತ್ತದೆ ಎಂದು ಹೆದರುವ ಹಿರಿಯರಿಗೂ, ವಿಶ್ವಾಸವಿದ್ದರೆ ವಿಜ್ಞಾನ ಬೇಡ ಎನ್ನುವ ಕಿರಿಯರಿಗೂ ಈ ಧರ್ಮಾಧ್ಯಕ್ಷರ ಬದುಕೇ ಉತ್ತರ. ಅವರು ಮೀನಿನ ಒಡಲನ್ನು ನೋಡಿದ ಕಣ್ಣಿನಿಂದಲೇ ಪರಮಪ್ರಸಾದವನ್ನೂ ನೋಡಿದರು.

ಬಿಂಕದಕಟ್ಟಿಯಿಂದ ಬಸ್ಸು ಹೊರಟ ಮೇಲೆ ಆ ಹುಡುಗಿ ನಮ್ಮ ಸೀಟಿನ ಹತ್ತಿರ ಬಂದು ಇನ್ನೊಂದು ಪ್ರಶ್ನೆ ಕೇಳಿದ್ದಳು. ತನ್ನಲ್ಲಿ ಅಮ್ಮನದ್ದು ಹೆಚ್ಚೋ ಅಪ್ಪನದ್ದು ಹೆಚ್ಚೋ ಎಂದು. ಸರಿಸಮ ಎಂದು ಹೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿ, ಇದನ್ನು ಮನೆಗೆ ಹೋಗಿ ಅಜ್ಜಿಗೆ ಹೇಳಬೇಕು ಎಂದಳು. ಹೇಳಿರಬೇಕು. ನಾವೂ ಹೇಳೋಣ. ಜೀವವನ್ನು ಅದರ ಮೊದಲ ಚುಕ್ಕೆಯಿಂದಲೇ ಪ್ರೀತಿಸಲು, ಅದನ್ನು ಹೊತ್ತ ತಾಯಿಯನ್ನು ಗೌರವಿಸಲು ಪುನೀತ ನಿಕೋಲಸ್ ಸ್ಟೆನೊ ಅವರ ಪ್ರಾರ್ಥನೆ ನಮಗೆ ನೆರವಾಗಲಿ.